ಕ್ಯಾಂಪ್ ಇಳಿಯೋರು

ಫೆಬ್ರುವರಿ ಇನ್ನೂ ಮುಗಿದಿರಲಿಲ್ಲ. ರಾಯಚೂರಿನ ಬಿಸಿಲು ಮಾತ್ರ ಯುಗಾದಿಗೆ ಕಾಯದೆ ಬಂದು ಕೂತಿತ್ತು. ರೈಲಿನಿಂದ ಇಳಿದು, ಸ್ಟೇಷನ್ನಿನ ಹೊರಗೆ ಒಂದು ಪ್ಲೇಟು ಮಂಡಾಳ ಒಗ್ಗರಣಿ, ಎರಡು ಮಿರ್ಚಿ ತಿಂದು, ಬಾಯಿ ಉರಿಸಿಕೊಂಡು ಬಸ್ ಸ್ಟ್ಯಾಂಡಿನ ದಾರಿ ಹಿಡಿದೆ. ದೇವದುರ್ಗದಲ್ಲಿ ಹೈಸ್ಕೂಲು ಮಾಸ್ತರನಾಗಿರುವ ಗೆಳೆಯ ಒಂದು ತಿಂಗಳಿಂದ ಬೆನ್ನು ಹತ್ತಿದ್ದ. “ಹತ್ತನೇತ್ತೆ ಸಮಾಜದಾಗ ಹಿಟ್ಲರ್ ಬರ್ತಾನ. ಹುಡುಗ್ರು ಅವನ್ನ ಮಾರ್ಕಿಗೆ ಬಾಯಿಪಾಠ ಮಾಡ್ಯಾರ. ನೀ ಬಂದು ಒಂದು ತಾಸು ಮಾತಾಡು. ಅಲ್ಲಿ ಸತ್ತೋರು ಮನುಷ್ಯಾರು ಅನ್ನೋದಾದ್ರೂ ಗೊತ್ತಾಗ್ಲಿ.” ಯಹೂದಿಗಳ ಕಥೆ ಹೇಳಲು ಧಾರವಾಡದಿಂದ ದೇವದುರ್ಗಕ್ಕೆ! ಹೆಂಡತಿ ನಕ್ಕಿದ್ದಳು. ನನಗೂ ಒಳಗೊಳಗೇ ನಗು ಬಂದಿತ್ತು.

ದಾರಿಯಲ್ಲಿ ಫುಟ್‌ಪಾತಿನ ಮೇಲೆ ಪುಸ್ತಕ ಹರಡಿಕೊಂಡು ಒಬ್ಬ ಕೂತಿದ್ದ. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳು, ಶ್ರೀಮಂತರಾಗುವುದು ಹೇಗೆ ಎಂಬಂಥವು, ಅಡುಗೆ, ವಾಸ್ತು. ನಡುವೆ ಮೀಸೆಯ ಆ ಮುಖ. ಹಿಟ್ಲರನ ‘ಮೈನ್ ಕಾಂಫ್’. “ಇದು ಹೋಗ್ತೈತೇನ್ರಿ?” ಎಂದು ಕೇಳಿದೆ. “ಭಾಳ ಹೋಗ್ತೈತ್ರಿ ಸರ. ಹುಡುಗ್ರು ತಗೊಂತಾರ. ಇದನ್ನ ಓದಿದ್ರ ಗಟ್ಟಿ ಆಗ್ತಾರಂತ.” ಇಡೀ ಒಂದು ಜನಾಂಗ ಭೂಮಿಯ ಮೇಲೆ ಇರಬಾರದು ಎಂಬ ಹಗೆಯನ್ನು ಜೈಲಿನಲ್ಲಿ ಕೂತು ಬರೆಸಿದ ಪುಸ್ತಕ, ಶತಮಾನ ಕಳೆದ ಮೇಲೆ ರಾಯಚೂರಿನ ಬೀದಿಯಲ್ಲಿ ವ್ಯಕ್ತಿತ್ವ ವಿಕಸನದ ಸಾಲಿನಲ್ಲಿ ಬಿಸಿಲು ಕಾಯಿಸುತ್ತಿತ್ತು. ಹುಡುಗರಿಗೆ ತೋರಿಸಲಿಕ್ಕಾದೀತೆಂದು ಒಂದು ಪ್ರತಿ ಕೊಂಡೆ. ಚೌಕಾಶಿ ಮಾಡುವಾಗ ನಾಚಿಕೆಯಾಯಿತು, ಆದರೂ ಮಾಡಿದೆ.

ರಾಯಚೂರಿಗೂ ಯಹೂದಿಗಳಿಗೂ ಏನು ಸಂಬಂಧ ಎಂದು ರೈಲಿನಲ್ಲೇ ತಲೆ ಕೆಡಿಸಿಕೊಂಡಿದ್ದೆ. ಮುಂಬಯಿ ಕಡೆಯಿಂದ ಬಂದ ಜಿ.ಐ.ಪಿ. ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ಕೂಡಿದ್ದು ಇದೇ ಊರಿನಲ್ಲಿ. ಆ ಕಾಲದ ರೈಲ್ವೆಯಲ್ಲಿ ನೌಕರಿ ಹಿಡಿದವರಲ್ಲಿ ಕೊಂಕಣದ ಬೆನೆ ಇಸ್ರೇಲಿಗಳು ಸಾಕಷ್ಟು ಮಂದಿ. ಮೂಲತಃ ಅವರು ಗಾಣ ಹಾಕುವವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಸುತ್ತಲಿನ ಜನ ಅವರನ್ನು ‘ಶನಿವಾರ ತೇಲಿ’ ಎನ್ನುತ್ತಿದ್ದರು. ಬೇರೆಯ ದೇವರು, ಬೇರೆಯ ರಜಾದಿನ. ಅದಕ್ಕೊಂದು ಅಡ್ಡಹೆಸರು ಇಟ್ಟು ಎಣ್ಣೆ ಕೊಂಡು ಮನೆಗೆ ಹೋದರು, ಅಷ್ಟೇ. ಯುರೋಪು ಅದೇ ಶನಿವಾರವನ್ನು ಸಹಿಸಿಕೊಳ್ಳಲಿಲ್ಲ.

ಬಸ್ಸು ಸಿಂಧನೂರಿನದು, ಮಾನ್ವಿ ಮೇಲೆ ಹೋಗುವುದು. ತುಂಬ ಹೆಣ್ಣುಮಕ್ಕಳು. ಹೆಂಗಸರಿಗೆ ಉಚಿತ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಈ ಭಾಗದ ಬಸ್ಸುಗಳ ಚಹರೆಯೇ ಬದಲಾಗಿದೆ. ಕಂಡಕ್ಟರು ನಿಂತಲ್ಲೇ ಕೈ ಚಾಚುತ್ತಿದ್ದ: “ಆಧಾರ್ ತಗೀರ್ರೀ ಯಮ್ಮಾ, ಆಧಾರ್!” ಸೆರಗಿನ ಗಂಟಿನಿಂದ, ಕುಪ್ಪಸದಿಂದ, ಎಲೆ ಅಡಕೆಯ ಸಂಚಿಯಿಂದ ಕಾರ್ಡುಗಳು ಹೊರಬಂದವು. ಒಬ್ಬಾಕೆಯ ಕಾರ್ಡಿನಲ್ಲಿ ಮುಖವೇ ಅಳಿಸಿಹೋಗಿತ್ತು. ಕಂಡಕ್ಟರು ಒಮ್ಮೆ ಕಾರ್ಡು, ಒಮ್ಮೆ ಆಕೆಯ ಮುಖ ನೋಡಿ, “ನೀನೇ ಇರಬೇಕು ಬಿಡು” ಎಂದು ಟಿಕೆಟ್ ಹರಿದುಕೊಟ್ಟ. ನನಗೆ 1938ರ ಅಕ್ಟೋಬರ್ ನೆನಪಾಯಿತು. ಜರ್ಮನಿಯ ಯಹೂದಿಗಳ ಪಾಸ್‌ಪೋರ್ಟುಗಳನ್ನೆಲ್ಲ ವಾಪಸು ಕರೆಸಿ ಕೆಂಪು ಮಸಿಯಲ್ಲಿ ದೊಡ್ಡದೊಂದು ‘ಜೆ’ ಅಕ್ಷರ ಒತ್ತಿದ ತಿಂಗಳು. ಯೂಡೆ, ಅಂದರೆ ಯಹೂದಿ. ಆ ಅಕ್ಷರ ಕಂಡೊಡನೆ ಗಡಿಯ ಸಿಪಾಯಿ ಮುಖ ನೋಡುವುದನ್ನೇ ಬಿಡುತ್ತಿದ್ದ.

ಪಕ್ಕದಲ್ಲಿ ಕೂತ ಹುಡುಗನಿಗೆ ಇಪ್ಪತ್ತೆರಡಿರಬೇಕು. ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನಂತೆ. ನನ್ನ ತೊಡೆಯ ಮೇಲಿನ ಪುಸ್ತಕವನ್ನು ಕತ್ತು ಓರೆ ಮಾಡಿ ಓದಿದ.

“ಮೇನ್ ಕ್ಯಾಂಪ್... ಇದು ಯಾವ ಕ್ಯಾಂಪ್ರೀ ಸರ?”

ನನಗೆ ನಗು ಬಂತು. ಆಮೇಲೆ ನಗು ಅಲ್ಲೇ ನಿಂತಿತು. ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆಯಲ್ಲಿ ಕ್ಯಾಂಪ್ ಅಂದರೆ ಊರು. ಅಣೆಕಟ್ಟು ಮುಗಿದು 1953ರಿಂದ ನೀರು ಹರಿಯತೊಡಗಿದ ಮೇಲೆ ಆಂಧ್ರದ ಕಡೆಯ ರೈತರು ಬಂಡಿ ಕಟ್ಟಿಕೊಂಡು ಬಂದರು. ಜೋಳ, ಹತ್ತಿ ಬೆಳೆಯುತ್ತಿದ್ದ ಎರಿನೆಲ ಕೊಂಡರು. ಗದ್ದೆಯ ನಡುವೆ ಗುಡಿಸಲು ಹಾಕಿಕೊಂಡು ಭತ್ತ ನಾಟಿದರು. ಆ ಗುಡಿಸಲುಗಳೇ ಕ್ಯಾಂಪ್. ಈಗ ಅಲ್ಲಿ ತಾರಸಿ ಮನೆ, ರೈಸ್ ಮಿಲ್ಲು, ಇಂಗ್ಲಿಷ್ ಮೀಡಿಯಂ ಶಾಲೆ ಎದ್ದಿವೆ. ಹೆಸರು ಮಾತ್ರ ಕ್ಯಾಂಪೇ. ಇದೇ ಬಸ್ಸು ಮುಟ್ಟುವ ಸಿಂಧನೂರಿನ ಬದಿಗೆ ಆರ್.ಎಚ್. ಕ್ಯಾಂಪುಗಳೂ ಇವೆ. ಪೂರ್ವ ಪಾಕಿಸ್ತಾನ ಬಿಟ್ಟು ಓಡಿಬಂದ ಬಂಗಾಳಿಗಳಿಗೆ ಸರ್ಕಾರ ಹೊಲ, ಗೂಡು ಕೊಟ್ಟು ಕೂಡಿಸಿದ ಊರುಗಳು. ಅಲ್ಲಿ ಮೀನು ಹುರಿಯುವ ವಾಸನೆ, ದುರ್ಗಾ ಪೂಜೆ, ಕನ್ನಡ ಶಾಲೆ ಎಲ್ಲ ಒಟ್ಟಿಗೇ ಇವೆ. ಅರ್ಧ ಶತಮಾನ ಇಲ್ಲೇ ಉತ್ತು ಬಿತ್ತಿದವರ ಪೈಕಿ ಕೆಲವರಿಗೆ ಈ ದೇಶದ ಪೌರತ್ವದ ಪತ್ರ ಕೈಗೆ ಬಂದದ್ದು 2024ರಲ್ಲಿ.

ಹೀಗಾಗಿ ಹುಡುಗನ ಪ್ರಶ್ನೆ ತಪ್ಪಲ್ಲ. ‘ಮೈನ್ ಕಾಂಫ್’ ಅಂದರೆ ‘ನನ್ನ ಹೋರಾಟ’ ಎಂದು ಹೇಳಿದೆ. ಮೇನ್ ಕ್ಯಾಂಪ್ ಅನ್ನುವಂಥದ್ದೂ ಒಂದು ಇತ್ತು, ಪೋಲೆಂಡಿನಲ್ಲಿ ಎಂದೂ ಹೇಳಿದೆ. ಆಶ್ವಿತ್ಸ್. ಅಲ್ಲಿ ಮೂರು ದೊಡ್ಡ ಕ್ಯಾಂಪುಗಳಿದ್ದವು. ಮೊದಲನೆಯದನ್ನು ಜರ್ಮನರು ಮೂಲ ಕ್ಯಾಂಪ್ ಎಂದೇ ಕರೆಯುತ್ತಿದ್ದರು. ಅಲ್ಲೂ ರೈಲು ಬಂದು ನಿಲ್ಲುತ್ತಿತ್ತು, ಅಲ್ಲೂ ಇಳಿಯಿರಿ ಇಳಿಯಿರಿ ಎಂದು ಕೂಗುತ್ತಿದ್ದರು. ಇಳಿದವರಲ್ಲಿ ಸುಮಾರು 11 ಲಕ್ಷ ಜನ ಅಲ್ಲೇ ಸತ್ತರು, ಅವರಲ್ಲಿ 10 ಲಕ್ಷದಷ್ಟು ಯಹೂದಿಗಳು.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. ಹಿಂದಿನ ಸೀಟಿನ ಬಿಳಿ ಟೋಪಿಯ ಗೌಡರೊಬ್ಬರು ಮಾತು ಕೇಳಿಸಿಕೊಂಡಿದ್ದರು. “ಏನ ಅನ್ರಿ, ನಮ್ಮ ದೇಶಕ್ಕ ಅಂಥಾವ ಒಬ್ಬ ಬೇಕ್ರಿ. ಎಲ್ಲಾ ನೆಟ್ಟಗಾಗ್ತಾರ,” ಎಂದರು. ಅವರ ಸಿಟ್ಟು ಕಾಲುವೆಯ ನೀರಿನದು. ಮಾನ್ವಿ ಕಾಲುವೆಯ ಕೊನೆಭಾಗ. ಮೇಲಿನವರು ಗೇಟು ಎತ್ತಿ ನೀರು ಕದಿಯುತ್ತಾರೆ, ಇಲ್ಲಿಗೆ ಬರುವುದರೊಳಗೆ ಕಾಲುವೆಯಲ್ಲಿ ಜಾಲಿಗಿಡ ಬೆಳೆದಿರುತ್ತದೆ. ನೀರಿನ ಕಳ್ಳರನ್ನು ಹಿಡಿಯಲು ಹಿಟ್ಲರ್ ಬೇಕು ಎನ್ನುವ ಈ ಗೌಡರು ಇರುವೆಯನ್ನೂ ದಾಟಿ ನಡೆಯುವ ಮನುಷ್ಯ ಇರಬಹುದು. ನಮ್ಮಲ್ಲಿ ಆ ಹೆಸರು ಹೀಗೆ ಬಳಕೆಯಾಗುತ್ತದೆ, ಬೈಗುಳವಾಗಿ ಅಲ್ಲ, ಹರಕೆಯಾಗಿ. ವಾದಕ್ಕೆ ಇಳಿಯಲಿಲ್ಲ. ಬಸ್ಸಿನಲ್ಲಿ ವಾದ ಮಾಡಿ ಗೆದ್ದವರನ್ನು ನಾನು ಕಂಡಿಲ್ಲ.

“ಕ್ಯಾಂಪ್ ಇಳಿಯೋರು ಬರ್ರಿ ಮುಂದಕ್ಕ!” ಎಂದು ಕಂಡಕ್ಟರು ಕೂಗಿದ. ನಾಲ್ಕು ಜನ ಚೀಲ ಎತ್ತಿಕೊಂಡು ಎದ್ದರು.

ಹೊರಗೆ ನೀರಮಾನ್ವಿಯ ಬಂಡೆಗಳು ದಾಟುತ್ತಿದ್ದವು. ನಾನು ಬ್ಯಾಗಿನಿಂದ ಟಿಪ್ಪಣಿ ತೆಗೆದೆ. ಕರ್ನಾಟಕಕ್ಕೇ ಬಂದ ಕಥೆಯಿಂದ ಸುರು ಮಾಡಬೇಕು ಎಂದು ಗುರುತು ಹಾಕಿಕೊಂಡಿದ್ದೆ. ಮಾಕ್ಸ್ ಬಾರ್ನ್ ಗಟಿಂಗೆನ್ನಿನಲ್ಲಿ ಭೌತಶಾಸ್ತ್ರದ ಪ್ರೊಫೆಸರ್. 1933ರ ಏಪ್ರಿಲ್ 7ರಂದು ಯಹೂದಿಗಳನ್ನು ಸರ್ಕಾರಿ ನೌಕರಿಯಿಂದ ತೆಗೆಯುವ ಕಾನೂನು ಬಂತು. ಅದೇ ತಿಂಗಳು ಅವರ ಕೆಲಸ ಹೋಯಿತು. ಬಾರ್ನ್ 1914ರಲ್ಲೇ ಕ್ರೈಸ್ತ ಧರ್ಮಕ್ಕೆ ಸೇರಿದ್ದರು. ಅದು ಲೆಕ್ಕಕ್ಕೆ ಬರಲಿಲ್ಲ, ಎಣಿಸಿದ್ದು ಅಜ್ಜ ಅಜ್ಜಿಯರನ್ನು. ಸಿ.ವಿ. ರಾಮನ್ ಬಾರ್ನರನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡರು. 1935-36ರಲ್ಲಿ ಬಾರ್ನ್ ಆರು ತಿಂಗಳು ಅಲ್ಲಿದ್ದು ಪಾಠ ಹೇಳಿದರು. ಅವರನ್ನು ಕಾಯಂ ಮಾಡಬೇಕೆಂದು ರಾಮನ್ ಪಟ್ಟು ಹಿಡಿದರು. ಆಗ ಸಭೆಯಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರೊಬ್ಬರು ಎದ್ದು, ಸ್ವಂತ ದೇಶದಿಂದ ಓಡಿಸಿಕೊಂಡ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂಬ ಅರ್ಥದ ಮಾತಾಡಿದರು. ಬಾರ್ನ್ ಅಲ್ಲೇ ಕೂತಿದ್ದರು. ಆ ಸಂಜೆ ಮನೆಗೆ ಹೋಗಿ ಅತ್ತದ್ದನ್ನು ಮುಂದೆ ಅವರೇ ಬರೆದುಕೊಂಡಿದ್ದಾರೆ. 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ಬೆಂಗಳೂರು ಬಾರ್ನರನ್ನು ಕಳೆದುಕೊಂಡಿತು. ಅವರ ತಂಗಿಯ ಮಗ ಉಳಿದುಕೊಂಡ. ಒಟ್ಟೊ ಕೊನಿಗ್ಸ್‌ಬರ್ಗರ್, ಬರ್ಲಿನ್ನಿನ ವಾಸ್ತುಶಿಲ್ಪಿ. 1933ರಲ್ಲೇ ಕೆಲಸ ಕಳೆದುಕೊಂಡು ಈಜಿಪ್ಟಿನಲ್ಲಿ ಹಳೆಯ ಕಟ್ಟಡಗಳ ಕಲ್ಲು ಅಳೆಯುತ್ತಿದ್ದ. 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಆತನನ್ನು ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ತೆಗೆದುಕೊಂಡರು. ಮಾವನಿಗೆ ಜಾಗ ಕೊಡದ ಅದೇ ವಿಜ್ಞಾನ ಸಂಸ್ಥೆಯ ಅಂಗಳದಲ್ಲಿ ಅಳಿಯ ಕಟ್ಟಡಗಳನ್ನು ಎಬ್ಬಿಸಿದ. ದೇಶ ಒಡೆದ ಮೇಲೆ ಕೇಂದ್ರ ಸರ್ಕಾರದ ವಸತಿ ನಿರ್ದೇಶಕನಾಗಿ, ಆ ಕಡೆಯಿಂದ ಬರಿಗೈಯಲ್ಲಿ ಬಂದ ನಿರಾಶ್ರಿತರಿಗೆ ಮನೆ ಕಟ್ಟಿಸುವ ಕೆಲಸ ಅವನ ಪಾಲಿಗೆ ಬಂತು. ಭುವನೇಶ್ವರದ ನಕ್ಷೆಯೂ ಅವನದೇ. ಒಂದು ಊರಿನಿಂದ ಹೊರಹಾಕಿಸಿಕೊಂಡವನು ಊರು ಕಟ್ಟುವುದನ್ನೇ ಕಸುಬು ಮಾಡಿಕೊಂಡ.

ಮಿರ್ಜಾ ಇಸ್ಮಾಯಿಲರ ಹೆಸರು ಈ ಜಿಲ್ಲೆಯ ಕಥೆಯಲ್ಲೂ ಬರುತ್ತದೆ. ಅದು ಆಮೇಲೆ.

ಮಾನ್ವಿಯಲ್ಲಿ ಇಳಿದೆ. ದೇವದುರ್ಗದ ಬಸ್ಸಿಗೆ ಎರಡು ತಾಸು ಸಮಯವಿತ್ತು. ಬಿಸಿಲಲ್ಲೇ ಜಗನ್ನಾಥದಾಸರ ಮನೆಗೆ ನಡೆದೆ. ದಾರಿಯುದ್ದಕ್ಕೂ ಅಂಗಡಿ ಬೋರ್ಡುಗಳಲ್ಲಿ ಕನ್ನಡ, ಅದರ ಪಕ್ಕಕ್ಕೆ ಉರ್ದು. ಹತ್ತಿ ವ್ಯಾಪಾರಿಗಳು, ರಸಗೊಬ್ಬರ, ಚಿನ್ನ ಅಡವು. ದಾಸರ ಮನೆಯೊಳಗೆ ಹೊಕ್ಕರೆ ತಣ್ಣಗೆ. 1809ರಲ್ಲಿ ದಾಸರು ಇಲ್ಲಿಯ ಕಂಬವೊಂದರಲ್ಲಿ ಸೇರಿಕೊಂಡರೆಂದು ಭಕ್ತರ ನಂಬಿಕೆ. ಆ ಕಂಬಕ್ಕೇ ಪೂಜೆ. ‘ಹರಿಕಥಾಮೃತಸಾರ’ ಬರೆದ ಈ ದಾಸರು ಮೊದಲು ಶ್ರೀನಿವಾಸಾಚಾರ್ಯರಾಗಿದ್ದಾಗ ಸಂಸ್ಕೃತದ ಪಂಡಿತ. ಕನ್ನಡದಲ್ಲಿ ಹಾಡಿಕೊಂಡು ತಿರುಗುವ ದಾಸರೆಂದರೆ ತಾತ್ಸಾರ. ಇದೇ ತಾಲ್ಲೂಕಿನ ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವಿನ ನೆವ ಹೇಳಿ ತಪ್ಪಿಸಿಕೊಂಡರಂತೆ. ಆ ನೆವವೇ ನಿಜವಾಗಿ ಹೊಟ್ಟೆ ಹಿಡಿದು ಸಾಯುವ ಗಳಿಗೆ ಬಂತು. ಆಗ ವಿಜಯದಾಸರ ಶಿಷ್ಯರಾದ ಗೋಪಾಲದಾಸರು ತಮ್ಮ ಆಯುಸ್ಸಿನಲ್ಲಿ 40 ವರ್ಷ ತೆಗೆದು ಇವರಿಗೆ ಕೊಟ್ಟರು ಎಂಬುದು ಇಡೀ ಸೀಮೆ ಬಲ್ಲ ಕಥೆ. ಗೋಪಾಲದಾಸರ ಊರು ಮೊಸರಕಲ್ಲು, ದೇವದುರ್ಗ ತಾಲ್ಲೂಕು. ನಾನು ಹೊರಟ ದಿಕ್ಕು.

ಎದುರು ಪಂಕ್ತಿಯಲ್ಲಿ ಕೂರಲೊಲ್ಲೆ ಎಂದವನಿಗೆ ಆಯುಸ್ಸು ಕೊಡುವುದು. ಪವಾಡ ನಂಬದವನಿಗೂ ಈ ಕಥೆಯ ಲೆಕ್ಕ ಕಾಡುತ್ತದೆ, ನಲವತ್ತು ವರ್ಷ! ಅಲ್ಲಿ ಕಂಬದ ಎದುರು ಕೂತಾಗ ನನಗೆ ನೆನಪಾದವನು ಮಾತ್ರ ದಾಸನೂ ಅಲ್ಲ, ಕನ್ನಡಿಗನೂ ಅಲ್ಲ. ಲಿಯೊಪೋಲ್ಡ್ ವೈಸ್.

ರಾಯಚೂರು, ಮಾನ್ವಿ, ದೇವದುರ್ಗ ಎಲ್ಲ ಆಗ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದವು. ವೈಸ್ ಹುಟ್ಟಿದ್ದು 1900ರಲ್ಲಿ, ಆಸ್ಟ್ರಿಯಾ ಸಾಮ್ರಾಜ್ಯದ ಲೆಂಬರ್ಗ್ ಪಟ್ಟಣದಲ್ಲಿ. ಅಜ್ಜ ರಬ್ಬಿ, ಅಂದರೆ ಯಹೂದಿಗಳ ಧರ್ಮಗುರು. ಮೊಮ್ಮಗ ಪತ್ರಕರ್ತನಾಗಿ ಅರಬ್ ದೇಶಗಳನ್ನು ಸುತ್ತಿ 1926ರಲ್ಲಿ ಮುಸ್ಲಿಮನಾದ, ಮುಹಮ್ಮದ್ ಅಸದ್ ಎಂದು ಹೆಸರಿಟ್ಟುಕೊಂಡ. 1937ರಲ್ಲಿ ನಿಜಾಮರ ಆಶ್ರಯದಲ್ಲಿ ಹೈದರಾಬಾದಿನಿಂದ ಹೊರಡುತ್ತಿದ್ದ ‘ಇಸ್ಲಾಮಿಕ್ ಕಲ್ಚರ್’ ತ್ರೈಮಾಸಿಕದ ಸಂಪಾದಕನಾದ. ಮುಂದಿನ ವರ್ಷ ಮಾರ್ಚಿನಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದ. ವಿಯೆನ್ನಾದಲ್ಲಿದ್ದ ತಂದೆ, ತಂಗಿಯನ್ನು ಹೊರತರಲು ಅಸದ್ ಒದ್ದಾಡಿದ, ಆಗಲಿಲ್ಲ. 1939ರ ಸೆಪ್ಟೆಂಬರಿನಲ್ಲಿ ಯುದ್ಧ ಸುರುವಾದದ್ದೇ ಬ್ರಿಟಿಷ್ ಸರ್ಕಾರ ಆತನನ್ನು ಹಿಡಿದು ಕ್ಯಾಂಪಿಗೆ ಹಾಕಿತು. ಯಾಕೆಂದರೆ ಆಸ್ಟ್ರಿಯಾದವನು ಈಗ ಕಾಗದದ ಮೇಲೆ ಜರ್ಮನ್, ಜರ್ಮನ್ ಅಂದರೆ ವೈರಿ. ಅಹ್ಮದ್‌ನಗರ, ದೇವಳಾಲಿ, ಪುರಂದರ ಕಡೆಯ ಆ ಕ್ಯಾಂಪುಗಳಲ್ಲಿ ನಾಜಿಗಳೂ ನಾಜಿಗಳಿಂದ ತಪ್ಪಿಸಿಕೊಂಡು ಬಂದವರೂ ಒಂದೇ ತಂತಿಬೇಲಿಯೊಳಗೆ ದಿನ ಕಳೆದದ್ದುಂಟು. ಅಸದ್ ಹೊರಬಂದದ್ದು 1945ರಲ್ಲಿ. ಅಷ್ಟರಲ್ಲಿ ತಂದೆಯನ್ನೂ ತಂಗಿಯನ್ನೂ ವಿಯೆನ್ನಾದಿಂದ ಬೇರೊಂದು ಬಗೆಯ ಕ್ಯಾಂಪಿಗೆ ಸಾಗಿಸಿ ಮೂರು ವರ್ಷವಾಗಿತ್ತು. ಅವರು ಉಳಿಯಲಿಲ್ಲ.

ಜರ್ಮನಿಗೆ ಆತ ಯಹೂದಿ, ಬ್ರಿಟಿಷರಿಗೆ ಜರ್ಮನ್. ತಾನು ಏನು ಎಂದು ಅವನು ಹೇಳಿಕೊಂಡಿದ್ದನೋ ಅದನ್ನು ಯಾವ ಕಚೇರಿಯೂ ದಾಖಲೆಗೆ ತೆಗೆದುಕೊಳ್ಳಲಿಲ್ಲ.

ಅರ್ಚಕರು ಮಂತ್ರಾಕ್ಷತೆ ಕೊಟ್ಟು, “ಯಾವೂರ್ರಿ ನಿಮ್ದು, ಯಾರ ಪೈಕಿ?” ಎಂದು ವಿಚಾರಿಸಿದರು. ಕೆಟ್ಟ ಭಾವದಿಂದ ಕೇಳಿದ್ದಲ್ಲ. ನಮ್ಮಲ್ಲಿ ಮಾತು ಸುರುವಾಗುವುದೇ ಅಲ್ಲಿಂದ.

ಮಾನ್ವಿಯಿಂದ ಸಿರವಾರದ ಮೇಲೆ ದೇವದುರ್ಗಕ್ಕೆ ಹೋಗುವ ಬಸ್ಸಿನಲ್ಲಿ ಕಣ್ಣು ಕೂರಿತು. ಎಚ್ಚರಾದಾಗಲೆಲ್ಲ ಹತ್ತಿಕಟ್ಟಿಗೆಯ ಒಟ್ಟಿಲು, ಒಣಹಾಕಿದ ಮೆಣಸಿನಕಾಯಿಯ ಕೆಂಪು, ಮತ್ತೆ ಬಂಡೆ. ಸಿರವಾರದಲ್ಲಿ ಚಹಾ ಕುಡಿದೆ. ದೇವದುರ್ಗದಲ್ಲಿ ಇಳಿದಾಗ ಗೆಳೆಯ ಮತ್ತೊಂದು ಚಹಾ ಕುಡಿಸಿದ. ಎರಡೂ ಕಡೆ ಪೇಪರ್ ಕಪ್ಪು.

“ಇದನ್ನ ಗಮನಿಸಿದಿ ಏನು?” ಎಂದ ಗೆಳೆಯ, ಕಪ್ಪು ಮುದುಡಿ ಡಬ್ಬಿಗೆ ಎಸೆಯುತ್ತ. “ನಾವು ಸಣ್ಣಾರಿದ್ದಾಗ ನಮ್ಮ ಹಳ್ಳಿ ಹೋಟೆಲ್ಲಿನ್ಯಾಗ ನಮ್ಮ ಮಂದಿಗೆ ಗೂಟದ ಮ್ಯಾಲಿನ ಲೋಟ ಬ್ಯಾರೆ ಇರ್ತಿತ್ತು. ನಾವೇ ತಗೊಂಡು, ನಾವೇ ತೊಳದು, ನಾವೇ ಇಡಬೇಕು. ಕಾನೂನಿಗೆ ಹೋಗದ ಲೋಟ ಪೇಪರ್ ಕಪ್ಪಿಗೆ ಹೋತು ನೋಡು. ಯಾರ ಮನಸ್ಸೂ ಬದಲಾಗ್ಲಿಲ್ಲ, ಕಪ್ ಬದಲಾತು.” ಹೇಳಿ ಜೋರಾಗಿ ನಕ್ಕ. ಮೂವತ್ತು ವರ್ಷದ ಗೆಳೆತನದಲ್ಲಿ ಆ ಲೋಟದ ಮಾತು ಅವನು ನನ್ನೆದುರು ಎತ್ತಿದ್ದು ಅದೇ ಮೊದಲು. ಯಾಕೆ ಈಗ ಎಂದು ನಾನು ಕೇಳಲಿಲ್ಲ. ಜರ್ಮನಿಯ ಉದ್ಯಾನಗಳಲ್ಲಿ ಯಹೂದಿಗಳಿಗೆ ಬೇರೆ ಬೆಂಚುಗಳಿದ್ದದ್ದು ನನ್ನ ಟಿಪ್ಪಣಿಯಲ್ಲಿತ್ತು, ಅದನ್ನು ಹೇಳೋಣವೆಂದು ಬಾಯಿ ತೆರೆದು ಸುಮ್ಮನಾದೆ.

ತರಗತಿಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳು. ಫ್ಯಾನು ತಿರುಗುತ್ತಿರಲಿಲ್ಲ. ಟಿಪ್ಪಣಿ ಬದಿಗಿಟ್ಟು ಮೇಜಿನ ಮೇಲಿದ್ದ ಹಾಜರಿ ಪುಸ್ತಕ ಎತ್ತಿಕೊಂಡೆ. ನಾಳೆಯಿಂದ ಈ ತರಗತಿಯ ಕೆಲವು ಹುಡುಗಿಯರು ತಮ್ಮ ಹೆಸರಿನ ಜೊತೆ ‘ಸಾರಾ’ ಎಂದೂ, ಹುಡುಗರು ‘ಇಸ್ರೇಲ್’ ಎಂದೂ ಬರೆಯಬೇಕು ಅಂತ ಸರ್ಕಾರ ಹೇಳಿದರೆ? ಕಿಸಕ್ಕನೆ ನಕ್ಕರು. 1939ರ ಜನವರಿ 1ರಿಂದ ಜರ್ಮನಿಯಲ್ಲಿ ಹಾಗೇ ಆಯಿತು ಎಂದೆ. ಅದಕ್ಕೂ ಎರಡು ತಿಂಗಳ ಹಿಂದೆ, 1938ರ ನವೆಂಬರ್ 9ರ ರಾತ್ರಿ, ದೇಶದ ತುಂಬ ಯಹೂದಿಗಳ ಅಂಗಡಿಯ ಗಾಜು ಒಡೆದರು, ಪ್ರಾರ್ಥನಾ ಮಂದಿರ ಸುಟ್ಟರು. ವಾರ ಕಳೆಯುವುದರೊಳಗೆ ಆ ಮಕ್ಕಳನ್ನು ಸರ್ಕಾರಿ ಶಾಲೆಯಿಂದ ಹೊರಗೆ ಹಾಕಿದರು. ಹಾಜರಿ ಪುಸ್ತಕದಲ್ಲಿ ಹೆಸರಿನ ಮೇಲೆ ಒಂದು ಗೆರೆ.

“ಅವರು ಯಹೂದಿ ಅಂತ ಹೆಂಗ ಗೊತ್ತಾಗ್ತಿತ್ರಿ ಸರ? ಬ್ಯಾರೆ ನಮೂನಿ ಇರ್ತಿದ್ರೇನು?” ಎಂದ ಮುಂದಿನ ಸಾಲಿನವನು.

ಗೊತ್ತಾಗುತ್ತಿರಲಿಲ್ಲ, ಅದೇ ತೊಡಕು. ಅದಕ್ಕೇ 1935ರ ಸೆಪ್ಟೆಂಬರಿನಲ್ಲಿ ನ್ಯೂರೆಂಬರ್ಗಿನಲ್ಲಿ ಕಾನೂನು ಮಾಡಿದರು. ನಾಲ್ವರು ಅಜ್ಜ ಅಜ್ಜಿಯರಲ್ಲಿ ಮೂವರು ಯಹೂದಿಗಳಾಗಿದ್ದರೆ ನೀನು ಯಹೂದಿ. ನೀನು ಯಾವ ದೇವರಿಗೆ ಕೈಮುಗಿಯುತ್ತಿ ಎಂಬುದು ಬೇಡ. ಯಹೂದಿಯಾದ ಮೇಲೆ ನೀನು ನಾಗರಿಕನಲ್ಲ, ಯಹೂದಿಯಲ್ಲದವರನ್ನು ಮದುವೆಯಾಗುವಂತಿಲ್ಲ. ಮದುವೆಯ ಮಾತು ಬಂದಾಗ ಹಿಂದಿನ ಬೆಂಚಿನಲ್ಲಿ ಗುಸುಗುಸು ಎದ್ದಿತು. ಅವರಿಗೆ ಅದು ದೂರದ ದೇಶದ ಸಂಗತಿಯಾಗಿ ಕೇಳಿಸಿದಂತಿರಲಿಲ್ಲ.

ಹಿಟ್ಲರ್ ಬಂದಾಗ ಜರ್ಮನಿಯಲ್ಲಿದ್ದ ಯಹೂದಿಗಳು ನೂರಕ್ಕೆ ಒಬ್ಬರೂ ಇಲ್ಲ, ಸುಮಾರು ಐದು ಲಕ್ಷ. ಯುದ್ಧ ಮುಗಿಯುವಾಗ ಯುರೋಪಿನಾದ್ಯಂತ 60 ಲಕ್ಷ ಯಹೂದಿಗಳನ್ನು ಕೊಂದಾಗಿತ್ತು. 60 ಲಕ್ಷ ಎಂದರೆ ಮಕ್ಕಳಿಗೆ ಹೇಗೆ ತಿಳಿಯಬೇಕು? ಸಂಖ್ಯೆ ಹೇಳಿ ಸುಮ್ಮನಾದೆ. ಸಂಖ್ಯೆಗಿಂತ ಅವರಿಗೆ ಹೊಡೆದದ್ದು ಏವಿಯಾನ್. 1938ರ ಜುಲೈನಲ್ಲಿ ಫ್ರಾನ್ಸಿನ ಆ ಊರಿನಲ್ಲಿ 32 ದೇಶಗಳು ಸಭೆ ಸೇರಿ, ಈ ಜನರನ್ನು ಯಾರು ಕರೆದುಕೊಳ್ಳುತ್ತೀರಿ ಎಂದು ಒಬ್ಬರ ಮುಖ ಒಬ್ಬರು ನೋಡಿ, ಡೊಮಿನಿಕನ್ ಗಣರಾಜ್ಯ ಒಂದನ್ನು ಬಿಟ್ಟರೆ ಉಳಿದವರೆಲ್ಲ ಹೆಚ್ಚುಕಡಿಮೆ ಕೈ ತೊಳೆದುಕೊಂಡು ಹೋದರು.

ಕಿಟಕಿಯ ಹತ್ತಿರ ಕೂತ ಹುಡುಗಿ ಆಗಿನಿಂದ ಕೈ ಎತ್ತಬೇಕೋ ಬೇಡವೋ ಎಂದು ಅರ್ಧ ಎತ್ತಿ ಇಳಿಸುತ್ತಿದ್ದಳು.

“ಸರ, ಅವರ ಬಾಜು ಮನಿಯೋರು ಏನ್ ಮಾಡ್ತಿದ್ರು?”

ನಾನು ಈ ಪ್ರಶ್ನೆಗೆ ತಯಾರಾಗಿ ಬಂದಿರಲಿಲ್ಲ. ಕೆಲವರು ಅಡಗಿಸಿಟ್ಟರು, ಸಿಕ್ಕಿಬಿದ್ದು ಸತ್ತರು ಎಂದೆ. ಅಂಥವರು ಕಡಿಮೆ. ಬಹಳಷ್ಟು ಮಂದಿ ಪರದೆ ಸರಿಸಿ ನೋಡಿದರು. ಆಮೇಲೆ ಆ ಖಾಲಿ ಮನೆಗಳ ಸಾಮಾನನ್ನು ಸರ್ಕಾರ ಹರಾಜು ಹಾಕಿತು. ಕುರ್ಚಿ, ಹಾಸಿಗೆ, ತಟ್ಟೆ ಬಟ್ಟಲು, ಮಕ್ಕಳ ಅಂಗಿ. ಓಣಿಯವರು ಸಾಲಿನಲ್ಲಿ ನಿಂತು ಕೊಂಡರು. ಅಗ್ಗವಾಗಿತ್ತು.

“ಗೊತ್ತಿದ್ದೂ ತಗೊಂಡ್ರಾ?”

ಗಂಟೆ ಹೊಡೆಯಿತು. ಪುಣ್ಯಕ್ಕೆ ಹೊಡೆಯಿತು ಎನ್ನಬೇಕು. ಬ್ಯಾಗಿನಲ್ಲಿದ್ದ ಪುಸ್ತಕವನ್ನು ನಾನು ಹೊರಗೆ ತೆಗೆಯಲೇ ಇಲ್ಲ.

ರಾತ್ರಿ ಗೆಳೆಯನ ಮನೆಯಲ್ಲಿ ಊಟ. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. ಅವನ ತಾಯಿ ಎಂಬತ್ತೈದು ದಾಟಿದಾಕೆ, ಅಂಗಳದ ಹೊರಸಿನ ಮೇಲೆ ಕೂತು ಎಲೆ ಅಡಕೆ ಕುಟ್ಟುತ್ತಿದ್ದರು. ಸಾಲಿಯಾಗ ಏನ್ ಹೇಳಿದಿ ತಮ್ಮಾ ಎಂದರು. ನಾನು ಹೇಳಿದ್ದನ್ನು ಮಗ ಅವರ ಮಾತಿನಲ್ಲಿ ಚಿಕ್ಕದಾಗಿ ಹೇಳಿದ. ಒಬ್ಬ ದೊರಿ ಇದ್ದ, ಒಂದು ಜಾತಿಯವರನ್ನೆಲ್ಲ ಹಿಡಿಹಿಡಿದು ಕ್ಯಾಂಪಿನ್ಯಾಗ ಹಾಕಿ ಕೊಂದ.

“ಕ್ಯಾಂಪಿನ್ಯಾಗ ನಾನೂ ಇದ್ದೆ,” ಎಂದರು ಮುದುಕಿ.

ಅವರ ತವರು ಮಾನ್ವಿ ತಾಲ್ಲೂಕಿನ ಹೊಳೆದಂಡೆಯ ಹಳ್ಳಿ. ತುಂಗಭದ್ರೆಯ ಈಚೆ ನಿಜಾಮರ ಸೀಮೆ, ಆಚೆ ಮದರಾಸು ಪ್ರಾಂತ. ನಿಜಾಮರ ಪರ ಆಯುಧ ಹಿಡಿದಿದ್ದ ರಜಾಕಾರರ ಹಾವಳಿಯ ಕಾಲ. ದೇಶ ಸ್ವತಂತ್ರವಾದರೂ ಹೈದರಾಬಾದು ಸೇರಿರಲಿಲ್ಲ. 1946ರಲ್ಲಿ ಸಂಸ್ಥಾನದ ಪ್ರಧಾನಿಯಾಗಿ ಬಂದ ಮಿರ್ಜಾ ಇಸ್ಮಾಯಿಲ್ ರಾಜಿಯ ದಾರಿ ಹುಡುಕಿ, ಇತ್ತೆಹಾದ್ ಪಕ್ಷದವರ ವಿರೋಧಕ್ಕೆ ಬೇಸತ್ತು 1947ರ ಮೇನಲ್ಲಿ ರಾಜೀನಾಮೆ ಕೊಟ್ಟು ಹೋಗಿದ್ದರು. ಬರ್ಲಿನ್ನಿನ ನಿರಾಶ್ರಿತನಿಗೆ ಬಾಗಿಲು ತೆರೆದ ಮನುಷ್ಯನಿಗೆ ಇಲ್ಲಿ ಜನ ನಿರಾಶ್ರಿತರಾಗುವುದನ್ನು ತಡೆಯಲಾಗಲಿಲ್ಲ. ಕಾಸಿಂ ರಜ್ವಿಯ ರಜಾಕಾರರು ಹಳ್ಳಿ ಹಳ್ಳಿಗೆ ಬಂದರು. ಭಾರತಕ್ಕೆ ಸೇರಬೇಕೆಂದು ಬರೆದ ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರನ್ನೇ 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಂದರು, ಬರೆದ ಕೈ ಕಡಿದರು.

“ರಾತ್ರ್ಯಾಗ ದೀಪ ಹಚ್ಚಂಗಿದ್ದಿಲ್ಲ. ನಮ್ಮಪ್ಪ ಹರಿಗೋಲಿನ್ಯಾಗ ದಾಟಿಸಿದ. ಆಚಿ ದಂಡಿಗೆ ಚಾಪಿ ಗುಡಿಸಲಾ. ಕ್ಯಾಂಪ್ ಅಂತಿದ್ರು ಅದಕ್ಕ. ನಾ ಸಣ್ಣಾಕಿ, ನನಗ ಜಾತ್ರಿ ಆದಂಗಾಗಿತ್ತು.” ನಕ್ಕರು. ಆಮೇಲೆ ದಂಡು ಬಂತು, ತಿರುಗಿ ಊರಿಗೆ ಹೋದರು.

ಅಲ್ಲಿಗೆ ಈ ಭಾಗದ ಶಾಲೆಗಳಲ್ಲಿ ಕಥೆ ಮುಗಿಯುತ್ತದೆ. 1948ರ ಸೆಪ್ಟೆಂಬರ್ 13ರಂದು ಪೊಲೀಸ್ ಕಾರ್ಯಾಚರಣೆಯ ಹೆಸರಿನಲ್ಲಿ ಭಾರತದ ಸೈನ್ಯ ಹೊಕ್ಕಿತು, 17ರಂದು ನಿಜಾಮರು ಶರಣಾದರು. ಪ್ರತಿ ವರ್ಷ 17ರಂದು ಧ್ವಜ ಏರಿಸಿ ರಜಾಕಾರರ ಕಥೆ ಹೇಳುತ್ತಾರೆ. 18ನೇ ತಾರೀಖಿನಿಂದ ಮುಂದೆ ಏನಾಯಿತೆಂದು ಹೇಳುವುದಿಲ್ಲ. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಸಂಸ್ಥಾನ ಸುತ್ತಿತು. ಪೊಲೀಸ್ ಕಾರ್ಯಾಚರಣೆಯ ವೇಳೆ ಮತ್ತು ಆಮೇಲೆ ಸತ್ತವರು 27,000ದಿಂದ 40,000 ಎಂದು ಅಂದಾಜಿಸಿತು. ಹೆಚ್ಚಿನವರು ಮುಸ್ಲಿಮರು. ಎಲ್ಲಕ್ಕಿಂತ ಕೆಟ್ಟದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ್, ನಾಂದೇಡ್ ಜಿಲ್ಲೆಗಳಲ್ಲಿ. ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರನ್ನು ಜೀವ ಕೊಟ್ಟು ಕಾಯ್ದದ್ದನ್ನೂ ಅದು ಬರೆದುಕೊಂಡಿತು. ಆ ವರದಿ ಸಾರ್ವಜನಿಕರ ಕಣ್ಣಿಗೆ ಬಿದ್ದದ್ದು 2013ರಲ್ಲಿ. ಇದನ್ನು ಆಶ್ವಿತ್ಸ್‌ಗೆ ಹೋಲಿಸುವುದು ಅವಸರದ ಮಾತು. ಅಲ್ಲಿ ಒಂದು ಸರ್ಕಾರ ರೈಲಿನ ವೇಳಾಪಟ್ಟಿ ಹಾಕಿ ಒಂದು ಜನಾಂಗವನ್ನೇ ಮುಗಿಸಲು ಹೊರಟಿತ್ತು. ಹುಡುಗಿ ಕೇಳಿದ ಪ್ರಶ್ನೆ ಮಾತ್ರ ಎರಡೂ ಕಡೆಗೆ ಒಂದೇ.

“ನಮ್ಮ ಬಾಜು ಪಿಂಜಾರರ ಮನಿ ಇತ್ತು,” ಎಂದರು ಮುದುಕಿ, ಯಾರೂ ಕೇಳದೆಯೇ. “ಹಾಸಿಗಿ ಮಾಡೋರು. ನಾವು ತಿರುಗಿ ಬರೂದ್ರಾಗ ಕೀಲಿ ಹಾಕಿತ್ತು. ರಾತ್ರೋರಾತ್ರಿ ಹ್ವಾದ್ರಂತ. ಎಲ್ಲಿಗೆ, ಯಾರಿಗೂ ಗೊತ್ತಿಲ್ಲ. ಅವರ ಆಡು ನಮ್ಮ ಕಣದಾಗ ಕಟ್ಟಿ ಹೋಗಿದ್ರು. ನಮ್ಮಪ್ಪ ಬಂದವನ ಅದಕ್ಕ ನೀರು ಇಟ್ಟ.”

ಅಡಕೆ ಕುಟ್ಟುವುದು ನಿಂತಿತು.

“ಅದು ಎರಡು ಮರಿ ಹಾಕ್ತು. ಮತ್ತ ಎರಡು. ಮಂದಿ ಮಾರು ಅಂದ್ರು, ಕಡೀ ಅಂದ್ರು. ನಮ್ಮಪ್ಪ ಒಲ್ಲೆ ಅಂದ. ಬಂದ ಮ್ಯಾಲ ಲೆಕ್ಕ ಕೊಡಬೇಕಲ್ಲ ಅಂತಿದ್ದ. ಹಾಲು ಸೈತ ನಮಗ ಕೊಡ್ಲಿಲ್ಲ, ಮರಿಗೆ ಬಿಡ್ರಿ ಅಂತಿದ್ದ. ಅವರ ಮಗಳೂ ನಾನೂ ಕೂಡಿ ಮೊಹರಮ್ಮಿಗೆ ಅಲಾಯಿ ಕುಣ್ಯಾಗ ಉಪ್ಪು ಹಾಕಾಕ ಹೋಗ್ತಿದ್ವಿ. ಮರುವರ್ಷ ನಾ ಒಬ್ಬಾಕೀನ ಹೋದೆ.”

“ಕಡಿಗೆ ಆಡು ಏನಾತಬೇ?” ಎಂದ ಗೆಳೆಯ. ಅವನಿಗೂ ಈ ಕಥೆ ಹೊಸದು ಎಂದು ಅವನ ದನಿಯಿಂದ ತಿಳಿಯಿತು.

“ಮುದಿ ಆಗಿ ಸತ್ತಿತು,” ಎಂದರು. “ಮರಿ ಒಟ್ಟು ಹದಿನೇಳಾಗಿದ್ವು. ನಮ್ಮಪ್ಪ ಗ್ವಾಡಿ ಮ್ಯಾಲ ಮಸಿ ಗೀಟು ಎಳದು ಲೆಕ್ಕ ಇಟ್ಟಿದ್ದ. ಆ ಗ್ವಾಡಿಗೆ ಆತ ಸಾಯೋತನಾ ಸುಣ್ಣ ಹಚ್ಚಗೊಡಲಿಲ್ಲ.”

ಮರುದಿನ ಬೆಳಗಿನ ಬಸ್ಸು ದೇವದುರ್ಗದಿಂದ ನೇರ ರಾಯಚೂರಿಗಿತ್ತು. ನಾನು ಮತ್ತೆ ಮಾನ್ವಿ ಮೇಲೇ ಹೊರಟೆ. ಗೆಳೆಯನಿಗೆ ಕಾರಣ ಹೇಳಲಿಲ್ಲ, ನನಗೂ ಹೇಳಿಕೊಳ್ಳಲು ಸರಿಯಾದ ಕಾರಣ ಇರಲಿಲ್ಲ. ಮಾನ್ವಿಯಲ್ಲಿ ಬಸ್ಸು ಬದಲಿಸಿದಾಗ ಪಕ್ಕದಲ್ಲಿ ಒಬ್ಬ ಹೆಣ್ಣುಮಗಳು ಕೂಸು ಎತ್ತಿಕೊಂಡು ಕೂತಳು. ಕೂಸಿಗೆ ಆಡಲು ಏನಾದರೂ ಬೇಕಿತ್ತು, ನನ್ನ ಬ್ಯಾಗಿನ ಜಿಪ್ಪು ಎಳೆಯಿತು. ಒಳಗೆ ಆ ಪುಸ್ತಕದ ಅಂಚು ಕಂಡಿತು. ಜಿಪ್ಪು ಹಾಕಿ, ನೀರಿನ ಬಾಟಲಿಯ ಮುಚ್ಚಳ ಕೊಟ್ಟೆ.

ಕಾಲುವೆ ದಾಟಿದ ಮೇಲೆ ಬಸ್ಸು ನಿಧಾನವಾಯಿತು.

“ಕ್ಯಾಂಪ್! ಕ್ಯಾಂಪ್ ಇಳಿಯೋರು!”

ಆಕೆ ಎದ್ದಳು. ಮುಚ್ಚಳ ಕಸಿದುಕೊಂಡದ್ದಕ್ಕೆ ಕೂಸು ಅಳತೊಡಗಿತು. ಇರಲಿ ಬಿಡವ್ವಾ, ಅದಕ್ಕೇ ಕೊಡು ಎಂದೆ. ಆಕೆ ಮೆಟ್ಟಿಲಿಳಿದು, ಭತ್ತದ ಗದ್ದೆಯ ನಡುವಿನ ಮಣ್ಣಿನ ದಾರಿ ಹಿಡಿದು, ದೂರದಲ್ಲಿ ಕಾಣುತ್ತಿದ್ದ ತಾರಸಿ ಮನೆಗಳ ಕಡೆಗೆ ನಡೆದಳು. ಕೂಸು ಅವಳ ಹೆಗಲ ಮೇಲಿಂದ ನೀಲಿ ಮುಚ್ಚಳ ಎತ್ತಿ ಬಸ್ಸಿಗೆ ತೋರಿಸುತ್ತಿತ್ತು.